ಯದುಲ್ಲಾ ಮೇಸ್ತ್ರಿ ಮತ್ತು ನೀರು ಕುಡಿದ ಗೋಡೆಗಳು

ಯಜ್ದ್‌ನಲ್ಲಿ ಯದುಲ್ಲಾ ಮೇಸ್ತ್ರಿಯಷ್ಟು ಜಂಬದ ಮನುಷ್ಯ ಇನ್ನೊಬ್ಬ ಇದ್ದರೆ ದಯವಿಟ್ಟು ನನಗೆ ತೋರಿಸಬೇಡಿ, ಒಬ್ಬನನ್ನು ಸಹಿಸಿದ್ದೇ ಸಾಕಾಗಿದೆ. ಉಳಿದ ಮೇಸ್ತ್ರಿಗಳು ಗೋಡೆ ಕಟ್ಟಿ, ಕೈ ತೊಳೆದು, ಮನೆಗೆ ಹೋಗುತ್ತಾರೆ. ಇವನು ಕಟ್ಟಿದ ಮೇಲೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು ನಿಂತು, ಬೀದಿಯಲ್ಲಿ ಹೋಗುವವರನ್ನು ಕೂಗಿ ಕರೆಯುತ್ತಾನೆ. "ಬನ್ರಪ್ಪಾ, ನೋಡ್ಕೊಂಡು ಹೋಗಿ! ನೋಡೋಕೇನು ದುಡ್ಡಿಲ್ಲ!" ಒಮ್ಮೆ ಹೆಣ ಹೊತ್ತುಕೊಂಡು ಹೋಗುತ್ತಿದ್ದವರನ್ನೂ ಹೀಗೇ ಕರೆದನಂತೆ. ಸುಳ್ಳಿರಬಹುದು. ಆದರೆ ಅದನ್ನು ಸುಳ್ಳು ಅಂದವರನ್ನು ನಾನು ಇನ್ನೂ ಕಂಡಿಲ್ಲ.

ನಾನು ಮನೀಜೆ, ಹೊಲಿಗೆಯವಳು. ಮದುವಣಗಿತ್ತಿಯರ ಬಟ್ಟೆಯಿಂದ ಹಿಡಿದು ಅಜ್ಜಿಯರು ಹೊದ್ದು ಓಡಾಡುವ ಚಾದರದವರೆಗೆ ಎಲ್ಲ ಹೊಲಿಯುತ್ತೇನೆ. ನನ್ನ ಬಾಯಿ ಸ್ವಲ್ಪ ಜೋರು ಅಂತ ಓಣಿಯವರು ಹೇಳುತ್ತಾರೆ. ಕತ್ತರಿ ಹಿಡಿದ ಹೆಂಗಸು ಮೆತ್ತಗೆ ಮಾತಾಡಬೇಕು ಅಂತ ಎಲ್ಲಿಯೂ ಕಾನೂನಿಲ್ಲವಲ್ಲ. ಯದುಲ್ಲಾನ ಕಥೆ ಹೇಳಲು ನನಗೆ ಹಕ್ಕಿದೆ, ಯಾಕೆಂದರೆ ಅವನು ಕಟ್ಟಿದ ಗೋಡೆಗಳ ನಡುವೆಯೇ ನಾನು ಬದುಕುತ್ತಿದ್ದೇನೆ.

ಅವನ ಅಪ್ಪ ಇಟ್ಟಿಗೆ ಮೇಸ್ತ್ರಿ, ಅಜ್ಜನೂ ಇಟ್ಟಿಗೆ ಮೇಸ್ತ್ರಿ. ನೀರಿನ ಕೊಳಗಳ ಮೇಲೆ ಗುಮ್ಮಟ ಕಟ್ಟುತ್ತಿದ್ದ ವಂಶ. ಯದುಲ್ಲಾ ಇನ್ನೂ ಸರಿಯಾಗಿ ಮಾತು ಬಾರದ ವಯಸ್ಸಿನಲ್ಲೇ ತೊಟ್ಟಿಯ ಪಕ್ಕ ಕೂತು ಇಟ್ಟಿಗೆ ನೆನೆಸುವ ಕೆಲಸ ಕಲಿತ. ಒಣ ಇಟ್ಟಿಗೆಯನ್ನು ನೀರಿಗೆ ಹಾಕಿದರೆ ಗುಳುಗುಳು ಸದ್ದು ಬರುತ್ತದೆ. ಆ ಸದ್ದು ಪೂರ್ತಿ ನಿಂತ ಮೇಲೆಯೇ ತೆಗೆಯಬೇಕು. ಅವಸರ ಮಾಡಿ ತೆಗೆದರೆ ಅಪ್ಪನ ಕೈ ಕೆನ್ನೆಯ ಮೇಲೆ. ನಮ್ಮ ಯಜ್ದ್ ಮರಳುಗಾಡಿನ ಊರು, ಇಲ್ಲಿನ ಬಿಸಿಲು ನಿಮಗೆ ಗೊತ್ತಿಲ್ಲ. ಇಲ್ಲಿ ಬಾಯಾರಿದ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿ, ಗಾರೆಯನ್ನು ಒಣ ಪುಡಿ ಮಾಡಿಬಿಡುತ್ತದೆ. ಹಾಗಾಗಿ ಇಟ್ಟಿಗೆಗೆ ಹೊಟ್ಟೆ ತುಂಬ ನೀರು ಕುಡಿಸುವುದು ಇಲ್ಲಿನ ಮೇಸ್ತ್ರಿಗಳಿಗೆ ನಮಾಜಿನ ಮೊದಲು ಕೈಕಾಲು ತೊಳೆದುಕೊಂಡಷ್ಟೇ ಮುಖ್ಯ. ಯದುಲ್ಲಾ ಅದನ್ನು ಎಂದೂ ತಪ್ಪಿಸಿದವನಲ್ಲ.

ಆಮೇಲೆ ಊರಿಗೆ ಬಿಳಿ ಬ್ಲಾಕು ಬಂತು. ಒಳಗೆಲ್ಲ ಗಾಳಿಯ ಗುಳ್ಳೆಗಳಿರುವ, ಹಗುರವಾದ, ಗರಗಸದಲ್ಲಿ ಕೊಯ್ಯಬಹುದಾದ ಬ್ಲಾಕು. ಮೊದಲ ದಿನ ಯದುಲ್ಲಾ ಅದನ್ನು ಒಂದೇ ಕೈಯಲ್ಲಿ ಎತ್ತಿ, "ಇದೇನು ಇಟ್ಟಿಗೆನೋ, ನಿನ್ನೆ ಉಳಿದ ಬ್ರೆಡ್ಡೋ?" ಅಂತ ನಕ್ಕ. ಮರುವರ್ಷವೇ ಅದಕ್ಕೆ ಮರುಳಾದ. ಬೆನ್ನು ನೋಯುವುದಿಲ್ಲ, ಗೋಡೆ ಬೇಗ ಏಳುತ್ತದೆ, ಬೇಸಿಗೆಯಲ್ಲಿ ಮನೆ ತಣ್ಣಗಿರುತ್ತದೆ. ಇಟ್ಟಿಗೆ ಬಿಟ್ಟು ಬ್ಲಾಕಿಗೆ ಬಂದ, ತೊಟ್ಟಿಯನ್ನು ಮಾತ್ರ ಬಿಡಲಿಲ್ಲ. ಬ್ಲಾಕುಗಳನ್ನೂ ಮುಳುಗಿಸಿ, ಗುಳುಗುಳು ನಿಲ್ಲುವವರೆಗೂ ಕಾದು, ತೊಟ್ಟಿಕ್ಕುತ್ತಿರುವಂತೆಯೇ ಎತ್ತಿ ಕಟ್ಟಿದ. ಕೇಳಿದವರಿಗೆ, "ನಮ್ಮಪ್ಪನ ಕೆಲಸ ಕಣ್ರೀ ಇದು, ಅರ್ಧಂಬರ್ಧ ಇಲ್ಲ" ಅನ್ನುತ್ತಿದ್ದ.

ನಮ್ಮ ಕಟ್ಟಡವೂ ಹಾಗೇ ಎದ್ದದ್ದು. ನಾಲ್ಕು ಮಹಡಿ, ನಾಲ್ಕು ಸಂಸಾರ. ಮೊದಲನೆಯ ಮಹಡಿಯವರು ಶಿರಾಜಿನಲ್ಲಿದ್ದಾರೆ, ಅವರ ಬೀಗದ ಕೈ ನನ್ನ ಬಳಿ. ಎರಡನೆಯದು ನನ್ನದು. ಮೂರನೆಯದರಲ್ಲಿ ಶೌಕತ್ ಖಾನಮ್, ರೊಟ್ಟಿ ಭಟ್ಟಿ ನಡೆಸುತ್ತಿದ್ದವರ ವಿಧವೆ. ಅವರು ತಾಯಿಯಿಂದ ಬಂದ ಹಳೆಯ ಮಣ್ಣಿನ ಮನೆಯನ್ನು ಮಾರಿ ಇಲ್ಲಿಗೆ ಬಂದವರು. ಇದು ಬಿಟ್ಟರೆ ಅವರಿಗೆ ಬೇರೆ ಏನೂ ಇಲ್ಲ. ಮೇಲ್ಗಡೆ ಹಾಜಿ ಶಮ್ಸುದ್ದೀನ್, ಬಜಾರಿನಲ್ಲಿ ರೇಷ್ಮೆ ವ್ಯಾಪಾರ, ಒಳ್ಳೆಯವರು, ಮಹಾ ಪುಕ್ಕಲು.

ಒಳಗೆ ಬಂದ ಮೊದಲ ಬೇಸಿಗೆಯಲ್ಲೇ ನನ್ನ ಹೊಲಿಗೆ ಕೋಣೆಯ ಕಿಟಕಿಯ ಮೂಲೆಯಲ್ಲಿ ಕೂದಲೆಳೆಯಂಥ ಗೆರೆ ಕಾಣಿಸಿತು. ಜೇಡರಬಲೆ ಅಂದುಕೊಂಡು ಪೊರಕೆಯಿಂದ ಗುಡಿಸಿದೆ. ಹೋಗಲಿಲ್ಲ. ಬರಬರುತ್ತ ಅದು ಬ್ಲಾಕುಗಳ ಸಂದು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಹತ್ತಿತು. ಶೌಕತ್ ಖಾನಮ್ ಮನೆಯಲ್ಲೂ ಹಾಗೇ. ಹಾಜಿಯವರ ಮನೆಯಲ್ಲಂತೂ ಗಿಲಾವು ಉಬ್ಬಿ, ಒಂದು ಕಡೆ ತಟ್ಟೆಯಷ್ಟು ಅಗಲ ಕಳಚಿ ಅವರ ಹಾಸಿಗೆಯ ಮೇಲೇ ಬಿತ್ತು. ಹಾಜಿ ಲುಂಗಿಯಲ್ಲೇ ಬೀದಿಗೆ ಓಡಿಬಂದರು.

"ಕನಾತ್! ಕೆಳಗೆ ಕನಾತ್ ಇದೆ! ಕಟ್ಟಡ ಕುಸೀತಾ ಇದೆ!"

ಯಾರೂ ನಗಲಿಲ್ಲ. ಕನಾತ್ ಅಂದರೆ ನೆಲದಡಿ ಅಜ್ಜಂದಿರು ತೋಡಿದ ನೀರಿನ ಸುರಂಗ; ಅವು ನಮ್ಮ ಊರಿನ ಕೆಳಗೆ ಎಲ್ಲೆಲ್ಲಿ ಹೋಗಿವೆಯೋ ಯಾರಿಗೂ ಪೂರ್ತಿ ಗೊತ್ತಿಲ್ಲ. ಹಾಜಿಯವರ ತಂಗಿಯ ಅಂಗಳ ಒಂದು ಮಳೆಗೆ ದಾಳಿಂಬೆ ಗಿಡದ ಸಮೇತ ಕೆಳಗಿಳಿದುಹೋದದ್ದನ್ನು ನಾವೆಲ್ಲ ಕಣ್ಣಾರೆ ಕಂಡವರು. ಆದ್ದರಿಂದ ಯಜ್ದ್‌ನಲ್ಲಿ ಗೋಡೆ ಬಿರುಕು ಬಿಟ್ಟರೆ ಮೊದಲು ಎಲ್ಲರೂ ನೋಡುವುದು ಕಾಲ ಕೆಳಗೆ.

ಬಿರುಕಿನ ಸುದ್ದಿ ಹಿಡಿದು ಮೊಹ್ತಶಮ್ ಎಂಬ ದಲ್ಲಾಳಿ ಬಂದ. ನಯವಾದ ಮಾತು, ಗುಲಾಬಿ ಅತ್ತರು. ಕಟ್ಟಡಕ್ಕೆ ಬೆಲೆಯಿಲ್ಲ, ಬರೀ ನೆಲದ ಬೆಲೆ ಕೊಡುತ್ತೇನೆ, ಆದರೆ ನಾಲ್ಕೂ ಮನೆಯವರು ಸಹಿ ಹಾಕಬೇಕು ಅಂದ. ಹಾಜಿ ತಯಾರು. ಶಿರಾಜಿನವರು ಫೋನಿನಲ್ಲೇ ತಯಾರು. ನನ್ನ ಮನಸ್ಸು ಅತ್ತ ಇತ್ತ ತೂಗುತ್ತಿತ್ತು. ಶೌಕತ್ ಖಾನಮ್ ಒಬ್ಬರೇ ಸಹಿ ಹಾಕಲಿಲ್ಲ. ಅವರ ಪಾಲಿಗೆ ಬರುವುದರಲ್ಲಿ ಒಂದು ಕೋಣೆಯೂ ಸಿಗುತ್ತಿರಲಿಲ್ಲ. ಮಗಳ ಅತ್ತೆಮನೆಯ ಒಂದು ಮೂಲೆ ಸೇರಬೇಕಾಗುತ್ತಿತ್ತು.

"ಮನೀಜೆ," ಅಂದರು ನನ್ನ ಹತ್ತಿರ, ಕಣ್ಣು ಒದ್ದೆ ಮಾಡಿಕೊಂಡು, "ಇಷ್ಟು ವಯಸ್ಸಾದ ಮೇಲೆ ಇನ್ನೊಬ್ಬಳ ಅಡಿಗೆಮನೇಲಿ ನಿಂತು ಉಪ್ಪು ಎಲ್ಲಿಟ್ಟಿದೀಯಮ್ಮಾ ಅಂತ ಕೇಳ್ಬೇಕಾ ನಾನು?"

ನಾನೇ ಹೋಗಿ ಯದುಲ್ಲಾನನ್ನು ಕರೆತಂದೆ. ಅವನು ಮೋಟಾರು ಸೈಕಲ್ಲಿನಲ್ಲಿ ಧೂಳೆಬ್ಬಿಸಿಕೊಂಡು ಬಂದ. ನಮ್ಮಲ್ಲಿ ಮೇಸ್ತ್ರಿಗೆ ಉಸ್ತಾ ಅನ್ನುತ್ತೇವೆ, ಯಜಮಾನರಿಗೆ ಆಗಾ. ಹಾಜಿ ಎದುರಾಗಿ ಸಮಾಧಾನ ಹೇಳಿದರು.

"ನಿಂದೇನೂ ತಪ್ಪಿಲ್ಲ ಉಸ್ತಾ, ನಿನ್ನ ಕೈ ನೋಯದೇ ಇರಲಿ. ಕೆಳಗೆ ನೆಲವೇ ಟೊಳ್ಳಾದ್ರೆ ಪಾಪ ಮೇಸ್ತ್ರಿ ಏನು ಮಾಡ್ತಾನೆ?"

"ಅದೇ ನಾನೂ ಹೇಳೋದು ಹಾಜಿ ಆಗಾ!" ಯದುಲ್ಲಾನ ಮುಖ ಅರಳಿತು. "ನನ್ನ ಗೋಡೆ ತಾನಾಗೇ ಬಿರುಕು ಬಿಡೋ ಜಾತಿದಲ್ಲ."

ಆದರೆ ಶೌಕತ್ ಖಾನಮ್ ಅವನ ತೋಳು ಹಿಡಿದು ನಿಲ್ಲಿಸಿದರು. "ಉಸ್ತಾ, ಅವರನ್ನ ಸಮಾಧಾನ ಮಾಡೋಕೆ ಒಂದು, ನನ್ನ ಸಮಾಧಾನ ಮಾಡೋಕೆ ಒಂದು ಹೇಳ್ಬೇಡ. ನನ್ನ ಮನೆ ಕುಸೀತಾ ಇದೆಯಾ, ಇಲ್ವಾ? ಅಷ್ಟು ಹೇಳು."

ಯದುಲ್ಲಾ ತಲೆ ಕೆರೆದುಕೊಂಡ. "ನನ್ನ ಬಾಯಿ ಬೇಡ ಖಾನಮ್. ಸಾಕ್ಷಿ ಕೂರಿಸೋಣ, ಸಾಕ್ಷಿ ಹೇಳ್ಲಿ."

ಸಾಕ್ಷಿ ಅಂದರೆ ಜಿಪ್ಸಮ್ ಪುಡಿಯ ತೆಳ್ಳನೆಯ ತೇಪೆ. ಪುಡಿಯನ್ನು ನೀರಿನಲ್ಲಿ ಕಲಸಿ ಬಿರುಕಿನ ಮೇಲೆ ಅಡ್ಡಲಾಗಿ ಅಂಗೈಯಷ್ಟು ಮೆತ್ತಿ, ಪೆನ್ಸಿಲಿನಲ್ಲಿ ತಾರೀಕು ಬರೆದುಬಿಡುವುದು. ಕಟ್ಟಡ ಅಲುಗಾಡುತ್ತಿದ್ದರೆ ಅದು ಪಟ್ಟನೆ ಒಡೆಯುತ್ತದೆ. ಅದಕ್ಕೆ ಬಾಗುವುದು ಗೊತ್ತಿಲ್ಲ. ಯದುಲ್ಲಾ ಎಲ್ಲ ಮನೆಗಳಲ್ಲೂ ಹಚ್ಚಿದ, ಶಿರಾಜಿನವರ ಖಾಲಿ ಮನೆಯಲ್ಲೂ ಹಚ್ಚಿದ.

ಶರತ್ಕಾಲ ಹೋಯಿತು, ಚಳಿಗಾಲ ಬಂತು, ಒಂದೆರಡು ಮಳೆಯೂ ಬಿತ್ತು. ನಾನು ಬೆಳಿಗ್ಗೆ ಎದ್ದ ಕೂಡಲೇ ಚಹಾಕ್ಕಿಂತ ಮೊದಲು ಸಾಕ್ಷಿಯ ಮುಖ ನೋಡುತ್ತಿದ್ದೆ. ಹಾಜಿ ಕನ್ನಡಕ ಏರಿಸಿಕೊಂಡು ಟಾರ್ಚು ಹಿಡಿದು ನೋಡುತ್ತಿದ್ದರು. ಒಂದೂ ಒಡೆಯಲಿಲ್ಲ. ಹಾಜಿಗೆ ಅದರಿಂದ ಸಂತೋಷವಾಗುವ ಬದಲು ಬೇಸರವಾದ ಹಾಗಿತ್ತು. ಹೆದರಿಕೆಗೆ ಒಗ್ಗಿಹೋದವರ ಪಾಡು ಅದು.

ಚಳಿ ಕಳೆಯುವ ಹೊತ್ತಿಗೆ ಯದುಲ್ಲಾ ಬಂದು ಮನೆಮನೆ ಸುತ್ತಿದ. ಬಾಗಿಲುಗಳನ್ನು ಹಾಕಿ ತೆಗೆದ, ಎಲ್ಲೂ ಹಿಡಿಯಲಿಲ್ಲ. ನೆಲದ ಮೇಲೆ ಮಟ್ಟಗೋಲು ಇಟ್ಟ, ಅದರ ಗಾಜಿನೊಳಗಿನ ಗುಳ್ಳೆ ನಡುವೆಯೇ ನಿಂತಿತು. ಕಂಬಗಳನ್ನು, ತೊಲೆಗಳನ್ನು ಬೆರಳಿಂದ ಸವರಿದ, ಒಂದು ಗೆರೆಯಿಲ್ಲ. ಬಿರುಕು ಇದ್ದದ್ದು ಬರೀ ಬ್ಲಾಕಿನ ಗೋಡೆಗಳಲ್ಲಿ, ಅದೂ ಬಿಸಿಲು ಬಡಿಯುವ ಮೇಲಿನ ಮನೆಯಲ್ಲಿ ಹೆಚ್ಚು, ಕೆಳಗಿನ ಖಾಲಿ ಮನೆಯಲ್ಲಿ ಎಲ್ಲಕ್ಕಿಂತ ಕಡಿಮೆ.

"ನೆಲ ಕುಸಿದಿದ್ರೆ ಕೆಳಗಿನ ಮನೆ ಮೊದಲು ಅಳ್ಬೇಕಿತ್ತು," ಅಂದ ತನ್ನಷ್ಟಕ್ಕೇ. "ಇಲ್ಲಿ ಮೇಲಿನದು ಅಳ್ತಾ ಇದೆ."

"ಹಾಗಾದ್ರೆ ಕನಾತ್ ಅಲ್ಲ!" ನಾನು ಚಪ್ಪಾಳೆ ಹೊಡೆದೆ. "ಕುಣೀಬೇಕು ನೀನು. ಯಾಕೆ ಹಿಂಗೆ ನಿಂತಿದೀಯ?"

ಅವನು ಕುಣಿಯಲಿಲ್ಲ. ಕನಾತ್ ಅಲ್ಲವಾದರೆ ಇನ್ಯಾರು ಎಂಬ ಪ್ರಶ್ನೆ ಅವನ ಮುಖದ ಮೇಲೆಯೇ ಕೂತಿತ್ತು. ಬೆರಳಿನ ಗೆಣ್ಣಿನಿಂದ ಗೋಡೆಗಳನ್ನು ತಟ್ಟುತ್ತ ಹೋದ. ಅಲ್ಲಲ್ಲಿ ಗಿಲಾವು ಬ್ಲಾಕಿನಿಂದ ಬಿಟ್ಟುಕೊಂಡು ಡಬಡಬ ಎನ್ನುತ್ತಿತ್ತು. ಶೌಕತ್ ಖಾನಮ್ ಅವರ ಅಡಿಗೆಮನೆಗೂ ಚಿಕ್ಕ ಕೋಣೆಗೂ ನಡುವಿನ ಗೋಡೆಯ ಮುಂದೆ ಬಂದು ನಿಂತುಬಿಟ್ಟ. ಅದರಲ್ಲಿ ಒಂದು ಬಿರುಕಿಲ್ಲ. ತಟ್ಟಿದರೆ ಮಾಗಿದ ಕರಬೂಜದ ಹಾಗೆ ತುಂಬಿದ ಸದ್ದು.

"ಈ ಗೋಡೆ ಯಾರು ಕಟ್ಟಿದ್ದು?" ಅಂದ.

"ನಿನ್ನ ತಲೆ! ನೀನೇ ಕಣಯ್ಯಾ," ಶೌಕತ್ ಖಾನಮ್ ಒಗ್ಗರಣೆ ಸೌಟು ಹಿಡಿದೇ ಹೊರಗೆ ಬಂದರು. "ಇದನ್ನ ಕಟ್ಟಿದ ದಿನ ನೀರು ನಿಂತು ಹೋಗಿತ್ತಲ್ಲ? ನಾನು ನಿಮಗೆಲ್ಲ ಶೋಲಿ ಸಾರು ಮಾಡ್ಕೊಂಡು ಬಂದಿದ್ದೆ. ಇದ್ದ ಒಂದೆರಡು ಬಕೀಟು ಗಾರೆಗೇ ಆಯ್ತು, ಕೈ ತೊಳೆಯೋಕೂ ನೀರಿಲ್ಲ, ಪೇಪರಲ್ಲಿ ಒರೆಸ್ಕೊಂಡು ತಿಂದ್ರಿ. ನೀನು ಮುಖ ಊದಿಸ್ಕೊಂಡು, ತೊಟ್ಟಿ ಖಾಲಿ, ಬ್ಲಾಕು ಒಣಾ ಒಣಾ ಕಟ್ತಿದೀನಿ, ಈ ಗೋಡೆ ನನ್ನ ಮಾನ ಕಳೀತದೆ ಅಂತ ಇಡೀ ದಿನ ಬೈತಾ ಇದ್ದೆ."

ಯದುಲ್ಲಾ ಆ ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ಮತ್ತೊಮ್ಮೆ ತಟ್ಟಿದ. ಆಮೇಲೆ ತಾರಸಿಗೆ ಹೋಗಿ, ಮಿಕ್ಕಿದ್ದ ಒಂದು ಬ್ಲಾಕು ತಂದು, ನನ್ನ ಬಟ್ಟೆ ನೆನೆಸುವ ಟಬ್ಬಿನಲ್ಲಿ ಮುಳುಗಿಸಿದ. ಗುಳುಗುಳು ನಿಂತ ಮೇಲೆ ಎತ್ತಿ ಬಿಸಿಲಿಗೆ ಇಟ್ಟ. ಅದು ಹೊರಗಿನಿಂದ ಬೆಳ್ಳಗೆ ಒಣಗಿ, ಮುಟ್ಟಿದರೆ ಬೆಚ್ಚಗಾದ ಮೇಲೂ ಕೆಲವು ದಿನ ಬಿಟ್ಟ. ನಂತರ ನನ್ನ ಕಣ್ಣೆದುರೇ ಗರಗಸ ಹಾಕಿ ನಡುವೆ ಕೊಯ್ದ. ಒಳಗೆ ಕಪ್ಪಗೆ ಒದ್ದೆ ಇತ್ತು, ಬೆರಳಿಗೆ ತಣ್ಣಗೆ ಹತ್ತಿತು.

"ನೋಡಿದ್ಯಾ ಮನೀಜೆ," ಅಂದ. ದನಿ ಇಳಿದಿತ್ತು. "ಇಟ್ಟಿಗೆ ಕುಡಿದ ನೀರು ಬೇಗ ಬಿಡ್ತದೆ. ಇದು ಒಳಗೇ ಇಟ್ಕೊಳ್ತದೆ. ಮೇಲೆ ಒಣಗಿದೆ ಅಂದ್ಕೊಂಡು ನಾನು ಗಿಲಾವು ಬಳಿದೆ. ಆಮೇಲೆ ಒಳಗಿನ ನೀರು ಒಣಗ್ತಾ ಒಣಗ್ತಾ ಗೋಡೆ ಕುಗ್ಗಿತು, ಗಿಲಾವು ಹರೀತು. ನನ್ನ ತಲೆಗೆ ಮಣ್ಣು ಹಾಕ! ಕನಾತ್ ಅಲ್ಲ, ನಮ್ಮಪ್ಪ ಕಲಿಸಿದ ತೊಟ್ಟಿ."

"ಶುಕ್ರವಾರ ಎಲ್ಲ ಸೇರ್ತಾರೆ. ಮೊಹ್ತಶಮೂ ಬರ್ತಾನೆ. ಏನು ಹೇಳ್ತೀಯ?"

"ನೀನು ಬಾಯಿ ಮುಚ್ಕೊಂಡು ಬಟ್ಟೆ ಹೊಲಿ."

ಅಷ್ಟೇ ಅಂದು ಹೊರಟುಹೋದ. ಈ ಊರಿನಲ್ಲಿ ಮೇಸ್ತ್ರಿಯ ಹೆಸರು ಒಮ್ಮೆ ಕೆಟ್ಟರೆ ಅವನನ್ನು ಕೋಳಿಗೂಡು ಕಟ್ಟಲೂ ಕರೆಯುವುದಿಲ್ಲ. ಅವನು ಸುಮ್ಮನಿದ್ದರೆ ತಪ್ಪು ಸುರಂಗದ ತಲೆಗೆ ಹೋಗುತ್ತಿತ್ತು, ಅವನ ಹೆಸರು ಉಳಿಯುತ್ತಿತ್ತು, ಶೌಕತ್ ಖಾನಮ್ ಮನೆ ಮಾತ್ರ ಹೋಗುತ್ತಿತ್ತು. ನನಗೆ ಅವನ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ ಎಂದು ಹೇಳಿಬಿಡುತ್ತೇನೆ. ಇಷ್ಟು ಜಂಬದವನು ಅಷ್ಟು ಜನರ ಮುಂದೆ ಬಗ್ಗುತ್ತಾನೆ ಅಂತ ಯಾರು ನಂಬುತ್ತಾರೆ?

ಶುಕ್ರವಾರ ಮಧ್ಯಾಹ್ನ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಜಮಖಾನೆ ಹಾಸಿ, ಚಹಾ ಕಾಯಿಸುವ ಸಮೋವರ್ ಇಟ್ಟು ಕೂತೆವು. ಮೊಹ್ತಶಮ್ ಕಾಗದ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ. ಹಾಜಿ ಗಂಟಲು ಸರಿಮಾಡಿಕೊಂಡರು.

"ಶೌಕತ್ ಖಾನಮ್, ಹಟ ಬಿಡಿ. ಇದರಲ್ಲಿ ಯಾರ ತಪ್ಪೂ ಇಲ್ಲ. ಉಸ್ತಾಂದೂ ಇಲ್ಲ. ಕೆಳಗಿನ ಕನಾತ್..."

"ಪಾಪ, ಆ ಕನಾತ್ ಮೇಲೆ ಯಾಕ್ರೀ ಎತ್ತಾಕ್ತೀರಿ?" ಯದುಲ್ಲಾ ಎದ್ದು ನಿಂತ. "ತೋಡಿದವರು ಸತ್ತು ಮಣ್ಣಾದ್ರು, ಬಂದು ಜವಾಬು ಕೊಡೋಕಾಗಲ್ಲ. ನಾನು ಬದುಕಿದೀನಿ, ನಾನು ಕೊಡ್ತೀನಿ. ಈ ಬಿರುಕು ನನ್ನದು. ಎಲ್ಲಾ ಬಿರುಕೂ ನನ್ನದು!"

ಅವನು ಕೊಯ್ದ ಬ್ಲಾಕನ್ನು ಜಮಖಾನೆಯ ಮೇಲೆ ಇಟ್ಟು, ತೊಟ್ಟಿಯ ಕಥೆ, ಒಣ ಗೋಡೆಯ ಕಥೆ, ಒಡೆಯದ ಸಾಕ್ಷಿಗಳ ಕಥೆ, ಎಲ್ಲ ಹೇಳಿದ. ಗೋಡೆಯ ನೀರು ಈಗ ಒಣಗಿದೆ, ಇನ್ನು ಕುಗ್ಗುವುದಿಲ್ಲ, ಬಿರುಕೆಲ್ಲ ನಾನೇ ಸರಿ ಮಾಡಿಕೊಡುತ್ತೇನೆ ಅಂದ. ಹೇಳುತ್ತ ಹೇಳುತ್ತ ಅವನ ದನಿ ಮತ್ತೆ ಏರಿತು. ತಪ್ಪೊಪ್ಪಿಕೊಳ್ಳುವಾಗಲೂ ಆ ಮನುಷ್ಯನಿಗೆ ಮೆತ್ತಗಿರಲು ಬರುವುದಿಲ್ಲ!

ಮೊಹ್ತಶಮ್ ನಕ್ಕ. "ಖಾನಮ್ ಮೇಲಿನ ಕರುಣೆಗೆ ಉಸ್ತಾ ತನ್ನ ಮೇಲೆ ಹಾಕ್ಕೊಳ್ತಾ ಇದಾರೆ, ಅಷ್ಟೇ."

"ಕರುಣೆನಾ?" ಯದುಲ್ಲಾ ಅವನ ಕಡೆ ತಿರುಗಿದ. "ಲೋ ಮಗನೇ, ನನ್ನ ಹೆಸರನ್ನ ನಾನು ನನ್ನ ಹೆಂಡ್ತಿಗಿಂತ ಜಾಸ್ತಿ ಪ್ರೀತಿಸ್ತೀನಿ. ಬೇಕಾದ್ರೆ ಮನೆಗೆ ಹೋಗಿ ಅವಳನ್ನ ಕೇಳು. ಕರುಣೆಗೆ ಅದನ್ನ ಮಾರ್ತೀನಾ ನಾನು? ಸತ್ಯ ಆಗಿರೋದಕ್ಕೆ ಹೇಳ್ತಾ ಇದೀನಿ!"

"ಅಂದ್ರೆ," ಹಾಜಿ ತೊದಲಿದರು, "ನನ್ನ ಮನೆ ಕೆಡಿಸಿದ್ದು ನೀನಾ?"

"ನಾನೇ ಹಾಜಿ ಆಗಾ. ನಿಮ್ಮದು ಎಲ್ಲಕ್ಕಿಂತ ಜಾಸ್ತಿ ಕೆಟ್ಟಿದ್ದು ಯಾಕೆ ಗೊತ್ತಾ? ನೀವು ದಿನಾ ಕಬಾಬ್ ತರಿಸ್ತಿದ್ರಿ. ಆ ಋಣಕ್ಕೆ ನಿಮ್ಮ ಬ್ಲಾಕುಗಳಿಗೆ ಜಾಸ್ತಿ ಹೊತ್ತು ನೀರು ಕುಡಿಸಿದೆ."

ಹಾಜಿಯ ಮುಖ ಕೆಂಪಾಯಿತು. ಬೈಯಲು ಬಾಯಿ ತೆರೆದರು. ಆದರೆ ಬಾಯಿಂದ ಬಂದದ್ದು ಬೇರೆ. "ಹಾಗಾದ್ರೆ ನಾನು ಮಂಚದ ಸಮೇತ ಭೂಮಿ ಒಳಗೆ ಹೋಗಲ್ವಾ?"

"ನಿಮ್ಮ ಕಾಲ ಬಂದಾಗ ಎಲ್ಲರ ಹಾಗೇ ಹೋಗ್ತೀರಿ, ಮಂಚ ಇಲ್ದೆ."

ಮೊದಲು ನಕ್ಕವರು ಹಾಜಿಯೇ. ಎಷ್ಟೋ ತಿಂಗಳ ಹೆದರಿಕೆ ಒಟ್ಟಿಗೆ ಬಿಟ್ಟಂತೆ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಶೌಕತ್ ಖಾನಮ್ ಮಾತ್ರ ನಗಲಿಲ್ಲ. ಎದ್ದು ಬಂದು, ಎಲ್ಲರ ಮುಂದೆ, ಯದುಲ್ಲಾನ ಕೈಯಲ್ಲಿ ಮೊದಲ ಲೋಟ ಚಹಾ ಇಟ್ಟರು. ಮೊಹ್ತಶಮ್ ಕಾಗದ ಮಡಿಸಿದ. "ಉಸ್ತಾ ಬಳಿಯೋದು ಎಷ್ಟು ದಿನ ನಿಲ್ಲುತ್ತೆ ನೋಡೋಣ. ಬೇಸಿಗೆ ಕಳೀಲಿ, ಬರ್ತೀನಿ" ಅಂದು ಹೊರಟ.

ಹೊಸ ವರ್ಷದ ಹಬ್ಬ ನೌರೂಜ್ ಕಳೆದ ಮೇಲೆ ಕೆಲಸ ಶುರುವಾಯಿತು. ಬಿರುಕಿನ ಮೇಲೆ ಸುಮ್ಮನೆ ಬಳಿದು ಮುಚ್ಚುವವರನ್ನು ಕಂಡರೆ ಯದುಲ್ಲಾನಿಗೆ ಆಗದು. ಮೊದಲು ತಟ್ಟಿ ನೋಡಿ, ಟೊಳ್ಳು ಸದ್ದು ಬಂದ ಗಿಲಾವನ್ನೆಲ್ಲ ನಿರ್ದಾಕ್ಷಿಣ್ಯವಾಗಿ ಕಿತ್ತ. ಹಾಜಿಯ ಮಲಗುವ ಕೋಣೆ ಬೋಳಾಯಿತು. ಪ್ರತಿ ಬಿರುಕನ್ನೂ ಚೂಪು ಮೊನೆಯಿಂದ ಕೆರೆದು ಅಗಲ ಮಾಡಿದ, ಕುಂಚದಿಂದ ಧೂಳು ತೆಗೆದ, ಒದ್ದೆ ಬಟ್ಟೆಯಿಂದ ಒರೆಸಿದ. ಒರೆಸಿದ ಅಷ್ಟೇ, ನೀರು ಸುರಿಯಲಿಲ್ಲ. ಅಂಟು ಗಾರೆಯನ್ನು ಒಳಗೆ ಒತ್ತಿ ತುಂಬಿದ. ಅದರ ಮೇಲೆ ನೂಲಿನ ಜಾಲರಿಯ ಪಟ್ಟಿ. ಆ ಪಟ್ಟಿಗಳನ್ನು ಕತ್ತರಿಸಿದ್ದು ನಾನು.

"ನೇರ ಕತ್ತರಿಸು ಮನೀಜೆ, ಇದು ಮದುಮಗಳ ಲಂಗ ಅಲ್ಲ."

"ಮದುಮಗಳ ಲಂಗ ನಿನ್ನ ಗೋಡೆ ಹಾಗೆ ಹರಿದಿದ್ರೆ ನನ್ನನ್ನ ಊರು ಬಿಡಿಸ್ತಿದ್ರು!"

ಅವನು ಪಟ್ಟಿ ಕಸಿದುಕೊಂಡು ಏಣಿ ಹತ್ತಿದ. ಮಾತಿನಲ್ಲಿ ಅವನನ್ನು ಗೆದ್ದ ಆ ದಿನವನ್ನು ನಾನು ಇನ್ನೂ ಜೋಪಾನವಾಗಿ ನೆನಪಿಟ್ಟುಕೊಂಡಿದ್ದೇನೆ.

ಗೋಡೆಯ ತುದಿಯಲ್ಲಿ, ತೊಲೆಯ ಕೆಳಗೆ, ಜಿಪ್ಸಮ್ ಒತ್ತಿ ಬಿಗಿದದ್ದನ್ನೂ ಕೆತ್ತಿ ತೆಗೆದ. ಮೇಲಿನ ತೊಲೆ ಭಾರಕ್ಕೆ ಸ್ವಲ್ಪ ಬಗ್ಗಿದರೆ ಗೋಡೆಯ ನೆತ್ತಿ ಒತ್ತಬಾರದು ಅಂತ ಅಲ್ಲಿ ಮೆತ್ತನೆಯ ಉಣ್ಣೆಯಂಥದ್ದನ್ನು ತುಂಬಿ ಮೇಲೊಂದು ಪಟ್ಟಿ ಕೂರಿಸಿದ. ಆಮೇಲೆ ತೆಳ್ಳಗೆ ಗಿಲಾವು, ಅದು ಆರಿದ ಮೇಲೆ ಇನ್ನೊಂದು. ಏಣಿ ಹಿಡಿದುಕೊಂಡವರು ಹಾಜಿ. ರೇಷ್ಮೆ ಅಂಗಡಿಯವರ ಗಡ್ಡದ ತುಂಬ ಬಿಳಿ ಪುಡಿ. ಎಲ್ಲ ಮುಗಿದ ದಿನ ಯದುಲ್ಲಾ ಸೊಂಟದ ಮೇಲೆ ಕೈಯಿಟ್ಟು ನಿಂತ. ಬೀದಿಯವರನ್ನು ಕೂಗಿದ್ದು ಈ ಸಲ ಹಾಜಿ.

ಅವನ ಹೆಸರು ಕೆಡಲಿಲ್ಲ. ಕೆಡಲು ಅವನು ಬಿಡಬೇಕಲ್ಲ? ಈಗ ಊರಲ್ಲಿ ಎಲ್ಲಿ ಬ್ಲಾಕಿನ ಕೆಲಸ ನಡೆದರೂ ಕರೆಯದೇ ಹೋಗುತ್ತಾನೆ, ತೊಟ್ಟಿ ಕಂಡರೆ ಕಾಲಿಂದ ಒದ್ದು ಉರುಳಿಸುತ್ತಾನೆ. "ಎತ್ರೋ ಅದನ್ನ ನೀರಿಂದ! ಈ ಯಜ್ದ್‌ನಲ್ಲಿ ನನ್ನಷ್ಟು ಗೋಡೆ ಬಿರುಕು ಬಿಡಿಸಿದವನು ಯಾರೂ ಇಲ್ಲ, ನನ್ನ ಮಾತು ಕೇಳಿ!" ಮುದುಕ ಮೇಸ್ತ್ರಿಗಳು ಮೊದಲು ಕೈಯೆತ್ತಿ ಹೊಡೆಯಲು ಬಂದರು. ಈಗ ಗೋಡೆ ಬಿರುಕು ಬಿಟ್ಟರೆ ಅವರೇ ಅವನನ್ನು ಕರೆಸುತ್ತಾರೆ.

ಆ ಬೇಸಿಗೆ ಕೆಂಡದಂಥ ಬೇಸಿಗೆ. ಅದು ಕಳೆದು ಗಾಳಿ ತಣ್ಣಗಾದಾಗ, ಹೇಳಿದ ಮಾತಿನಂತೆ ಮೊಹ್ತಶಮ್ ಬಂದ. ನೇರ ಶೌಕತ್ ಖಾನಮ್ ಮನೆಗೆ. ನಾನು ಅಲ್ಲೇ ಇದ್ದೆ. ಯದುಲ್ಲಾ ಅಡಿಗೆಮನೆಯಲ್ಲಿ ನೆಲದ ಮೇಲೆ ಕೂತು ಊಟ ಮಾಡುತ್ತಿದ್ದ.

"ಖಾನಮ್, ಮೇಲಿನ ಬಣ್ಣ ನೋಡಿ ಮೋಸ ಹೋಗ್ಬೇಡಿ. ಈಗಲೂ ನನ್ನ ಮಾತು ಹಾಗೇ ಇದೆ," ಅಂದ ಮೊಹ್ತಶಮ್.

ಶೌಕತ್ ಖಾನಮ್ ಚಹಾ ತಂದು ಅವನ ಮುಂದಿಟ್ಟರು. ಕಪಾಟಿನಿಂದ ಟಾರ್ಚು ತಂದು ಅದನ್ನೂ ಇಟ್ಟರು.

"ಹುಡುಕಿ," ಅಂದರು. "ಒಂದೇ ಒಂದು ಬಿರುಕು. ಕೂದಲೆಳೆಯಷ್ಟಿದ್ರೂ ಸಾಕು. ಸಿಕ್ಕಿದ್ರೆ ಈಗಲೇ ಸಹಿ ಹಾಕ್ತೀನಿ."

ಈ ಹೆಂಗಸಿಗೆ ಹುಚ್ಚೇ ಅಂದುಕೊಂಡು ಯದುಲ್ಲಾನ ಕಡೆ ನೋಡಿದೆ. ಅವನು ರೊಟ್ಟಿ ಮುರಿಯುವುದನ್ನೂ ನಿಲ್ಲಿಸಲಿಲ್ಲ.

ಮೊಹ್ತಶಮ್ ಹುಡುಕಿದ. ಕಿಟಕಿಯ ಮೂಲೆಗಳಲ್ಲಿ ಬೆಳಕು ಹಾಯಿಸಿದ, ಪರದೆ ಸರಿಸಿದ, ಫ್ರಿಜ್ಜಿನ ಹಿಂದೆ ತಲೆ ತೂರಿಸಿದ, ಕೊನೆಗೆ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಮೊಣಕಾಲೂರಿ ನೆಲದ ಅಂಚು ನೋಡಿದ. ಬೆವರಿಗೆ ಅತ್ತರು ಸೋತಿತು. ಅಡಿಗೆಮನೆಯ ಗೋಡೆಗೆ ಬಂದಾಗ ಯದುಲ್ಲಾ ಬಾಯಲ್ಲಿ ತುತ್ತಿಟ್ಟುಕೊಂಡೇ ಹೇಳಿದ:

"ಅದನ್ನ ಬಿಡು ಮಗಾ, ಅದು ಮೊದಲಿಂದ ಒಳ್ಳೇದೇ. ಆ ಕಡೇದು ನೋಡು, ಅದು ನಾನು ಕೆಡಿಸಿ ಸರಿ ಮಾಡಿದ್ದು."

ಆ ಕಡೆಯದನ್ನೂ ನೋಡಿದ. ಆಮೇಲೆ ಟಾರ್ಚು ಆರಿಸಿ ಮೆಲ್ಲಗೆ ಕಪಾಟಿನ ಮೇಲಿಟ್ಟು, ಬಾಗಿಲ ಕಡೆ ಹೆಜ್ಜೆ ಹಾಕಿದ. ಶೌಕತ್ ಖಾನಮ್ ಅಡ್ಡ ನಿಂತರು.

"ಚಹಾ ಆರಿಹೋಗಿದೆ, ಬಿಸಿದು ತರ್ತೀನಿ. ಕೂತ್ಕೊಳ್ಳಿ," ಅಂದರು. "ಇದು ನನ್ನ ಮನೆ. ಬಂದವರು ಚಹಾ ಕುಡೀದೆ ಹೋಗೋ ಹಾಗಿಲ್ಲ."